ಒಳಗೆ ಸುರಿಯುವ ಮಳೆ: ಘಟ್ಟದ ಬುಡದಲ್ಲಿ ಕಂಟೈನರ್ ವಾಸ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ಉಡುಪಿಯಲ್ಲಿ ವಾಸ. ಹೆಬ್ರಿಯಿಂದ ಮುಂದೆ, ಘಟ್ಟದ ಬುಡದಲ್ಲಿ, ಹಿರಿಯರಿಂದ ಬಂದ ಎರಡೂವರೆ ಎಕರೆ ಜಾಗವಿದೆ. ಡಾಮರು ರಸ್ತೆಯಿಂದ ಮೂರು ಕಿ.ಮೀ. ಒಳಗೆ. ವಿದ್ಯುತ್ ಕಂಬ ಬಂದಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಮನೆ ಕಟ್ಟುವ ಬದಲು ಹಳೆಯ 20 ಅಡಿಯ ಹಡಗಿನ ಕಂಟೈನರ್ ತಂದಿಟ್ಟು, ವಾರದಲ್ಲಿ ನಾಲ್ಕು ದಿನ ಅಲ್ಲಿ ಇರಬೇಕೆಂದಿದ್ದೇನೆ. ಪರಿಚಯದ ಗುಜರಿ ವ್ಯಾಪಾರಿಯೊಬ್ಬರು ಹಳೆಯ ಬಸ್ಸಿನ ಬಾಡಿಯೂ ಇದೆ, ಮಲ್ಪೆಯಲ್ಲಿ ಒಡೆದ ಟ್ರಾಲ್ ಬೋಟಿನ ಕ್ಯಾಬಿನ್ನೂ ಇದೆ ಎನ್ನುತ್ತಿದ್ದಾರೆ. ಮೂರರಲ್ಲಿ ಯಾವುದು ಒಳ್ಳೆಯದು? ಮಳೆಗಾಲದಲ್ಲಿ ಇರಬಹುದೇ? ಸೋಲಾರ್ ಸಾಕಾಗುತ್ತದೆಯೇ? ಬೋಟಿನ ಚುಕ್ಕಾಣಿ ಚಕ್ರವನ್ನು ಇಟ್ಟುಕೊಳ್ಳುವ ಆಸೆಯೂ ಇದೆ. ಹೆಂಡತಿ ಮಾತ್ರ "ಆ ಡಬ್ಬಿಯೊಳಗೆ ನನಗೆ ಉಸಿರು ಕಟ್ಟುತ್ತದೆ, ನಾನು ಬರುವುದಿಲ್ಲ" ಎನ್ನುತ್ತಾಳೆ.

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಆರಂಭಿಸುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತಾಂತ್ರಿಕವಾದ ಮಾತು ಅದೇ. ಉಸಿರು ಕಟ್ಟದಂತೆ ಮಾಡುವುದು ಹೇಗೆ ಎಂಬುದೊಂದನ್ನು ಬಗೆಹರಿಸಿದರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

ನಾನು ಮೂವತ್ತು ವರ್ಷ ಕಬ್ಬಿಣದೊಂದಿಗೆ ಕೆಲಸ ಮಾಡಿದವನು. ಮಂಗಳೂರಿನ ಬಂದರು ಇರುವ ಪಣಂಬೂರಿನ ಸುತ್ತಮುತ್ತ ಕಂಟೈನರ್ ದುರಸ್ತಿ, ಕ್ರೇನ್ ದುರಸ್ತಿ, ವೆಲ್ಡಿಂಗ್. ಆದ್ದರಿಂದ ಕಾರ್ಕಳದ ಆಚೆ ಮಾಳದ ಕಡೆ ನನ್ನ ಸ್ವಂತ ಜಾಗದಲ್ಲಿ ಕಂಟೈನರ್ ಇಟ್ಟಾಗ ನನಗೆ ಯಾರ ಸಲಹೆಯೂ ಬೇಕಾಗಿರಲಿಲ್ಲ ಎಂದು ನಂಬಿದ್ದೆ. ಮೊದಲ ಮಳೆಗಾಲ, ಜೂನ್ ಮೂರನೆಯ ವಾರ. ರಾತ್ರಿ ಮಲಗಿದ್ದಾಗ ಹಣೆಯ ಮೇಲೆ ಹನಿ ಬಿತ್ತು. ಮಾಡು (ಛಾವಣಿ) ಸೋರುತ್ತಿದೆ ಎಂದುಕೊಂಡು ಬೆಳಿಗ್ಗೆ ಮೇಲೇರಿ ಸೀಲೆಂಟ್ ಹಚ್ಚಿದೆ. ಮರುರಾತ್ರಿ ಮತ್ತೆ ಹನಿ. ಹಳೆಯ ಗೆಳೆಯನೊಬ್ಬನನ್ನು ಕರೆಸಿ ಎರಡು ಕಡೆ ವೆಲ್ಡಿಂಗ್ ಮಾಡಿಸಿದೆ. ಹನಿ ನಿಲ್ಲಲಿಲ್ಲ. ಮೂರನೆಯ ಬಾರಿ ಇಡೀ ಮಾಡಿಗೆ ಬಣ್ಣ ಬಳಿದೆ. ಒಂದು ರಾತ್ರಿ ಮೂರು ಗಂಟೆಗೆ ಎದ್ದು ಬಾಗಿಲು ತೆರೆದು ನೋಡಿದರೆ ಹೊರಗೆ ಮಳೆಯೇ ಇಲ್ಲ. ಆಕಾಶದಲ್ಲಿ ನಕ್ಷತ್ರ. ಒಳಗೆ ಮಾತ್ರ ಸುರಿಯುತ್ತಿದೆ.

ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿಯ ಮೈ ಬೆವರುವುದನ್ನು ನೋಡಿದ್ದೀರಲ್ಲವೇ? ಅದೇ ಬಾಟಲಿಯನ್ನು ಒಳಮೈ ಹೊರಗಾಗಿ ಮಗುಚಿದರೆ ಕಂಟೈನರ್. ನಮ್ಮ ಕರಾವಳಿಯ ಮಳೆಗಾಲದ ಗಾಳಿ ಅದಾಗಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಅದು ಒಂದೆರಡು ಡಿಗ್ರಿ ತಣ್ಣಗಿರುವ ತಗಡನ್ನು ಮುಟ್ಟಿದರೂ ಸಾಕು, ಹೊರೆ ಇಳಿಸಿಬಿಡುತ್ತದೆ. ಮಳೆ ನಿಂತು ಆಕಾಶ ತೆರೆದ ರಾತ್ರಿಗಳಲ್ಲಿ ತಗಡು ಇನ್ನೂ ಬೇಗ ತಣಿಯುವುದರಿಂದ ಹನಿ ಹೆಚ್ಚು. ಇದರ ಮೇಲೆ ನಾವು ಬೇರೆ ನೀರು ಸೇರಿಸುತ್ತೇವೆ. ಮಲಗಿದ ಇಬ್ಬರ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಅರ್ಧ ಲೀಟರಿಗೂ ಹೆಚ್ಚು. ಗ್ಯಾಸ್ ಒಲೆಯಲ್ಲಿ ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಅದಕ್ಕೆ ಒಣಗಲು ಹಾಕಿದ ಬಟ್ಟೆಯನ್ನೂ ಸೇರಿಸಿ. ಇದೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ಎಲ್ಲಿಗೆ ಹೋಗಬೇಕು?

ಹಡಗಿನವರಿಗೆ ಇದು ಹೊಸ ಸಂಗತಿಯಲ್ಲ, 'ಕಂಟೈನರ್ ಮಳೆ' ಎಂದೇ ಕರೆಯುತ್ತಾರೆ. ನಮ್ಮ ಬಂದರಿನಿಂದ ಹೋಗುವ ಕಾಫಿ ಬೀಜದ ಕಂಟೈನರಿನ ಒಳಮೈಗೆ ದಪ್ಪ ಕಾಗದ ಹೊದಿಸಿ, ತೇವ ಹೀರುವ ಉಪ್ಪಿನ ಚೀಲಗಳನ್ನು ನೇತುಹಾಕುವುದು ಇದಕ್ಕಾಗಿಯೇ. ನೂರಾರು ಸಲ ಆ ಚೀಲಗಳನ್ನು ನೋಡಿದ್ದ ನನಗೆ, ನನ್ನ ತಲೆಯ ಮೇಲೇ ಹನಿ ಬೀಳುವವರೆಗೆ ಅದು ಹೊಳೆಯಲಿಲ್ಲ. 1956ರಲ್ಲಿ ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಮಾಲೀಕ ನ್ಯೂಅರ್ಕಿನಿಂದ ಹೂಸ್ಟನ್‌ಗೆ 58 ಪೆಟ್ಟಿಗೆಗಳನ್ನು ಹಡಗಿನಲ್ಲಿ ಕಳಿಸಿದಾಗ ಅವನಿಗೆ ಬೇಕಾಗಿದ್ದುದು ಎತ್ತಿ ಇಳಿಸಲು ಸುಲಭವಾದ, ಹೊರಗಿನಿಂದ ನೀರೂ ಕಳ್ಳನೂ ಒಳಗೆ ಬಾರದ ಪೆಟ್ಟಿಗೆ. ಒಳಗಿನದು ಹೊರಗೆ ಹೋಗಬೇಕೆಂದು ಅವನು ಯೋಚಿಸಲಿಲ್ಲ, ಯೋಚಿಸುವ ಅಗತ್ಯವೂ ಇರಲಿಲ್ಲ. ಸರಕು ಉಸಿರಾಡುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಕಂಟೈನರನ್ನು ಮನೆ ಎಂದುಕೊಳ್ಳಬೇಡಿ. ಅದು ನಿಮ್ಮ ಮನೆಯ ಒಂದು ಕೋಣೆ. ಬೀಗ ಹಾಕಬಹುದಾದ, ಇಲಿ, ಗೆದ್ದಲು ನುಗ್ಗದ, ಗಟ್ಟಿಮುಟ್ಟಾದ ಕೋಣೆ. ಉಳಿದದ್ದನ್ನು, ಅಂದರೆ ಮಾಡು, ಜಗಲಿ, ಬಚ್ಚಲು, ಒಲೆಯನ್ನು ನಮ್ಮ ಅಜ್ಜಂದಿರ ಕ್ರಮದಲ್ಲೇ ಹೊರಗೆ ಕಟ್ಟಿಕೊಳ್ಳಿ.

ಮೊದಲು ಮಾಡು. ಕಂಟೈನರ್ ಬರುವ ಮೊದಲೇ ಅದರ ಕಂಬಗಳ ಗುಂಡಿ ತೋಡಿಸಿ. ಕಂಟೈನರಿನ ಮೈಗೆ ಅಂಟಿಸದೆ ಪ್ರತ್ಯೇಕ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿನ ಕಂಬಗಳ ಮೇಲೆ ನಿಲ್ಲಿಸಬೇಕು. ಕಂಟೈನರಿನ ನೆತ್ತಿಗೂ ಮಾಡಿಗೂ ನಡುವೆ ಕನಿಷ್ಠ ಎರಡು ಅಡಿ ಜಾಗವಿರಲಿ. ಗಾಳಿ ಹರಿಯುವುದಕ್ಕೂ ಬೇಕು, ನೀವು ತೆವಳಿ ಹೋಗಿ ತರಗೆಲೆ ಗುಡಿಸುವುದಕ್ಕೂ ಬೇಕು. ಮೂರು ಕಡೆ ನಾಲ್ಕು ಅಡಿ ಇಳಿಜಾರು ಮುಂದಕ್ಕೆ ಚಾಚಿರಲಿ, ನೈಋತ್ಯದ ಕಡೆ ಆರು ಅಡಿ. ಅಲ್ಲಿಂದ ಬರುವ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡಲಾಗಿ ಬರುತ್ತದೆ. ಈ ಎರಡನೆಯ ಮಾಡು ಇದ್ದರೆ ಏಪ್ರಿಲ್, ಮೇ ತಿಂಗಳ ಬಿಸಿಲು ತಗಡಿಗೆ ತಾಗುವುದಿಲ್ಲ. ಇಲ್ಲದಿದ್ದರೆ ಮಧ್ಯಾಹ್ನ ಆ ತಗಡಿನ ಮೇಲೆ ಹಪ್ಪಳ ಒಣಗಿಸಬಹುದು, ಒಳಗೆ ಕುಳಿತವರೂ ಹಪ್ಪಳವೇ.

ಶೀಟು ಹಾಕಬೇಕೋ ಹಂಚು ಹಾಕಬೇಕೋ? ಶೀಟು ಅಗ್ಗ, ಕೆಲಸ ಬೇಗ. ಆದರೆ ನಿಮ್ಮ ಕಡೆಯ ಮಳೆ ಉಡುಪಿಯ ಮಳೆಯಲ್ಲ. ಮೇಲೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಸುರಿಯುತ್ತದೆ, ಬುಡದಲ್ಲಿರುವ ನಿಮಗೂ ಅದರ ದೊಡ್ಡ ಪಾಲು ಬರುತ್ತದೆ. ಆ ಮಳೆ ಶೀಟಿನ ಮೇಲೆ ಬೀಳುವಾಗ ಗಂಡ ಹೆಂಡತಿ ಮಾತನಾಡಿಕೊಳ್ಳಲು ಸಾಧ್ಯವಿಲ್ಲ. (ಕೆಲವರಿಗೆ ಇದು ಅನುಕೂಲವೂ ಆಗಬಹುದು.) ನಾನು ಹಂಚಿನ ಪಕ್ಷ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಊರಿನ ಹಂಚು ಎಲ್ಲೆಲ್ಲಿಗೋ ಹೋಯಿತು. ಈಗ ಹಳೆಯ ಮನೆಗಳನ್ನು ಕೆಡವುವಾಗ ರಾಶಿ ರಾಶಿ ಸಿಗುತ್ತದೆ. ಹಂಚುಗಳ ಸಂದಿಯಲ್ಲಿ ಗಾಳಿ ಆಡುತ್ತದೆ, ಸದ್ದು ಕಡಿಮೆ. ಯಂತ್ರದ ಮರುಬಳಕೆಯ ಮೇಲೆ ಅಷ್ಟು ಪ್ರೀತಿ ಇರುವ ನೀವು ಹಂಚಿನ ಮರುಬಳಕೆಯನ್ನೂ ಏಕೆ ಮಾಡಬಾರದು? ತೊಂದರೆ ಒಂದೇ: ಮಂಗಗಳು. ಅವು ಹಂಚನ್ನು ಕಿತ್ತು ನೋಡುವ ಕಡೆ ಶೀಟೇ ಗತಿ.

ಮಾಡಿನ ಒಂದು ಉದ್ದ ಬದಿಯನ್ನು ಎಂಟು ಅಡಿ ಹೆಚ್ಚಿಸಿ ಜಗಲಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ನಿಮ್ಮ ದಿನವೆಲ್ಲ ಕಳೆಯುವುದು ಅಲ್ಲೇ. ಅಡುಗೆ, ಊಟ, ಓದು, ಬಟ್ಟೆ ಒಣಗಿಸುವುದು ಎಲ್ಲವೂ. ಕಂಟೈನರಿನೊಳಗೆ ಮಲಗುವುದಷ್ಟೇ. ಅದರಲ್ಲಿ ಎದುರುಬದುರಾಗಿ ಎರಡು ಕಿಟಕಿ, ನೆತ್ತಿಯ ಹತ್ತಿರ ಎರಡು ಜಾಲರಿ ಕಿಂಡಿ ಇರಲೇಬೇಕು. ಕಿಂಡಿಗಳನ್ನು ಮಳೆಗಾಲದಲ್ಲಿಯೂ ಮುಚ್ಚಬಾರದು. ಒಳಮೈಗೆ ಗ್ಲಾಸ್ ವೂಲ್ (ಗಾಜಿನ ಎಳೆಗಳ ಉಣ್ಣೆ) ತುಂಬಿ ಪ್ಲೈವುಡ್ ಬಡಿಯಿರಿ ಎಂದು ಯಾರಾದರೂ ಹೇಳಿದರೆ ನಯವಾಗಿ ನಿರಾಕರಿಸಿ. ಚಳಿ ದೇಶದ ಉಪಾಯ ಅದು. ನಮ್ಮಲ್ಲಿ ಆ ಉಣ್ಣೆ ತೇವ ಹೀರಿ, ಎರಡನೆಯ ವರ್ಷಕ್ಕೆ ಗೋಡೆಯ ಹಿಂದೆ ಬೂಸಲಿನ ತೋಟವಾಗುತ್ತದೆ. ಕಬ್ಬಿಣ ಕಣ್ಣಿಗೆ ಕಾಣುವಂತಿರಲಿ, ತುಕ್ಕು ಎಲ್ಲಿ ಹಿಡಿಯುತ್ತಿದೆ ಎಂದಾದರೂ ಗೊತ್ತಾಗುತ್ತದೆ.

ಉಸಿರಿನ ವಿಷಯದಲ್ಲಿ ತಮಾಷೆ ಬಿಟ್ಟು ಹೇಳಬೇಕಾದ ಮಾತೊಂದಿದೆ. ಕಬ್ಬಿಣದ ಪೆಟ್ಟಿಗೆಯೊಳಗೆ ಬೆಂಕಿ ಬೇಡ. ಇದ್ದಿಲ ಒಲೆ, ಕೆಂಡದ ಬಾಂಡಲಿ, ಜನರೇಟರ್, ಯಾವುದೂ ಬೇಡ. ಆಟಿಯ (ಜುಲೈ, ಆಗಸ್ಟ್ ನಡುವಿನ ತುಳು ತಿಂಗಳು) ರಾತ್ರಿ ಥಂಡಿ ಹಿಡಿದಾಗ "ಸ್ವಲ್ಪ ಕೆಂಡ ಒಳಗಿಟ್ಟು ಬಾಗಿಲು ಹಾಕೋಣ" ಎಂದು ಅನಿಸುತ್ತದೆ. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಏಳುವುದಿಲ್ಲ. ಹಳೆಯ ಮನೆಗಳಲ್ಲಿ ಹಂಚಿನ ಸಂದಿ ಜನರನ್ನು ಕಾಯುತ್ತಿತ್ತು. ರಬ್ಬರ್ ಪಟ್ಟಿಯ ಬಾಗಿಲು ಕಾಯುವುದಿಲ್ಲ. ಅದೇ ಬಾಗಿಲಿನ ಹೊರಗಿನ ಚಿಲಕದ ಸರಳುಗಳನ್ನು ತೆಗೆಸಿ, ಒಳಗಿನಿಂದ ತೆರೆಯುವ ಸಾಮಾನ್ಯ ಬಾಗಿಲನ್ನು ಬದಿಗೋಡೆಯಲ್ಲಿ ಕೂಡಿಸಿ. ಕಂಟೈನರಿನ ಮೂಲ ಬಾಗಿಲನ್ನು ಒಳಗಿದ್ದವರು ತೆರೆಯಲಾಗದು.

ಇನ್ನು ಕೊಳ್ಳುವ ವಿಷಯ. 20 ಅಡಿಯ ಕಂಟೈನರ್ ಒಳಗೆ ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ, 2.39 ಮೀಟರ್ ಎತ್ತರ. ಖಾಲಿ ಇರುವಾಗ ಎರಡೂಕಾಲು ಟನ್ ಆಸುಪಾಸು. ಗುಜರಿಯಲ್ಲಿ ನಿಂತು ಬಣ್ಣ ನೋಡಬೇಡಿ, ಹೊಸ ಬಣ್ಣವೆಂದರೆ ಹೊಸ ಸುಳ್ಳು. ನಡು ಮಧ್ಯಾಹ್ನ ಒಳಗೆ ಹೋಗಿ, ಬಾಗಿಲು ಹಾಕಲು ಹೇಳಿ, ಐದು ನಿಮಿಷ ಕತ್ತಲಲ್ಲಿ ನಿಲ್ಲಿ. (ಹೊರಗೆ ನಂಬಿಕಸ್ಥ ವ್ಯಕ್ತಿ ಇರಲಿ!) ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ. ಕತ್ತಲಲ್ಲಿ ಮೂಗಿಗೂ ಕೆಲಸ ಕೊಡಿ. ರಾಸಾಯನಿಕದ ಘಾಟು ಇದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ. ನೆಲಕ್ಕೆ ಹಾಕಿದ 28 ಮಿ.ಮೀ. ಪ್ಲೈವುಡ್ಡಿಗೆ ಹುಳ ಹಿಡಿಯದಂತೆ ಕೀಟನಾಶಕ ಕೊಟ್ಟಿರುತ್ತಾರೆ. ಬಾಗಿಲ ಮೇಲಿನ ಲೋಹದ ಫಲಕದಲ್ಲಿ ಅದರ ನಮೂದು ಇರುತ್ತದೆ. ನಾನಾದರೆ ಆ ಹಲಗೆ ಕಿತ್ತು ಬೇರೆ ಹಾಕುತ್ತೇನೆ. ಬರಿಗಾಲಲ್ಲಿ ಓಡಾಡುವ ಜನ ನಾವು.

ಕಂಟೈನರಿನ ಬಲವೆಲ್ಲ ನಾಲ್ಕು ಮೂಲೆಯ ಕಂಬಗಳಲ್ಲಿ. ಹಡಗಿನಲ್ಲಿ ಒಂದರ ಮೇಲೊಂದು ಪೇರಿಸುವಾಗ ಭಾರ ಇಳಿಯುವುದು ಆ ಮೂಲೆಗಳ ಮೂಲಕವೇ. ಮಡಚಿದ ತಗಡಿನ ಗೋಡೆ ಎರಡು ಮಿ.ಮೀ.ಗಿಂತ ದಪ್ಪವಿರುವುದಿಲ್ಲ, ಆದರೂ ಅದು ಕಂಬಗಳನ್ನು ಓಲದಂತೆ ಹಿಡಿದಿರುತ್ತದೆ. ಆದ್ದರಿಂದ ಉದ್ದದ ಎರಡೂ ಗೋಡೆಗಳನ್ನು ಪೂರ್ತಿ ಕತ್ತರಿಸಿ ಗಾಜು ಹಾಕಿಸುವ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಕಿಟಕಿ ಕೊಯ್ದಲ್ಲೆಲ್ಲ ಚೌಕ ಪೈಪಿನ ಚೌಕಟ್ಟು ಬೆಸೆಯಿಸಿ, ಕೊಯ್ದ ಅಂಚಿಗೆ ಅದೇ ದಿನ ಜಿಂಕ್ ಪ್ರೈಮರ್ ಬಳಿಯಿಸಿ. ನೆತ್ತಿಯ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ನೆತ್ತಿಯ ತಗಡು ಅಂತಹ ಭಾರಕ್ಕೆ ಆದದ್ದಲ್ಲ.

"ಇದು ಕಾರ್ಟೆನ್ ಸ್ಟೀಲು, ತುಕ್ಕೇ ಅದಕ್ಕೆ ರಕ್ಷೆ" ಎಂದು ವ್ಯಾಪಾರಿ ಹೇಳುತ್ತಾರೆ. ಅರ್ಧ ಸತ್ಯ. ಆ ಉಕ್ಕಿನ ಮೇಲಿನ ತುಕ್ಕಿನ ಪದರ ಗಟ್ಟಿಯಾಗಿ ಕಾಯಬೇಕಾದರೆ ಅದು ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಒಣಗಬೇಕು. ನಿಮ್ಮಲ್ಲಿ ಜೂನಿನಲ್ಲಿ ಒದ್ದೆಯಾದದ್ದು ಒಣಗುವುದು ನವರಾತ್ರಿಗೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತ ಮೇಲೆ ಅಲ್ಲೇ ಉಳಿದ ಕಬ್ಬಿಣಕ್ಕೆ ಘಟ್ಟದ ಮಳೆ ಏನು ಮಾಡಿತೆಂದು ಆ ದಾರಿಯಲ್ಲಿ ಹೋದವರಿಗೆ ಗೊತ್ತು. ಮಳೆ ನೇರವಾಗಿ ಬೀಳದಂತೆ ಮಾಡು ಇರಲಿ, ಕೆಳಗೆ ಗಾಳಿಯಾಡುವಂತೆ ನೆಲದಿಂದ ಎರಡಡಿ ಎತ್ತರದಲ್ಲಿರಲಿ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಂತಿ ಬ್ರಷ್ಷು ಮತ್ತು ರೆಡ್ ಆಕ್ಸೈಡ್ ಹಿಡಿದು ಒಂದು ದಿನ ಕೊಡಿ.

ಎರಡಡಿ ಎತ್ತರವೆಂದೆ. ನಾಲ್ಕು ಮೂಲೆಗಳಿಗೆ ನಾಲ್ಕು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಅಥವಾ ಕಾಂಕ್ರೀಟಿನ ಗಟ್ಟಿ ಕಂಬ, ಅಷ್ಟು ಸಾಕು. ಇದರಿಂದ ಇನ್ನೊಂದು ದೊಡ್ಡ ಲಾಭವಿದೆ: ಗುಡ್ಡವನ್ನು ಕಡಿಯಬೇಕಾಗಿಲ್ಲ. ಕಂಬದ ಎತ್ತರವನ್ನು ಹೆಚ್ಚುಕಡಿಮೆ ಮಾಡಿದರೆ ಇಳಿಜಾರಿನ ಮೇಲೆಯೇ ಸಮ ಕೂರುತ್ತದೆ. ಜೆಸಿಬಿ ತರಿಸಿ ಗುಡ್ಡದ ಬುಡ ಕೊರೆದು ಸಮತಟ್ಟು ಮಾಡಿಸಿದಿರೋ, ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದದ್ದು, 2024ರ ಜುಲೈಯಲ್ಲಿ ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದದ್ದು ನಿಮಗೆ ನೆನಪಿರಬಹುದು. ಜಾಗದ ಮೇಲ್ಭಾಗದಲ್ಲಿ ಮಳೆಗಾಲದಲ್ಲಿ ಹೊಸದಾಗಿ ಒರತೆ ಏಳುತ್ತದೆಯೇ, ಮರಗಳು ಬುಡದಲ್ಲೇ ವಾಲಿವೆಯೇ, ನೆಲದಲ್ಲಿ ಬಿಲ್ಲಿನಾಕಾರದ ಬಿರುಕಿದೆಯೇ ಎಂದು ನೋಡಿ. ಇದ್ದರೆ ಅದರ ಕೆಳಗೆ ಯಾವ ಪೆಟ್ಟಿಗೆಯನ್ನೂ ಇಡಬೇಡಿ. ತೋಡಿನ (ಹಳ್ಳದ) ಪಕ್ಕವೂ ಬೇಡ. ಫೆಬ್ರವರಿಯಲ್ಲಿ ಮೊಣಕಾಲುದ್ದ ಹರಿಯುವ ತೋಡು ಜುಲೈಯಲ್ಲಿ ಬಂಡೆಗಳನ್ನು ಉರುಳಿಸಿಕೊಂಡು ಬರುತ್ತದೆ.

ಬಸ್ಸಿನ ಬಗ್ಗೆ ಕೇಳಿದ್ದೀರಿ. ಉಸಿರಾಟದ ದೃಷ್ಟಿಯಿಂದ ಮೂರರಲ್ಲಿ ಅದೇ ಉತ್ತಮ, ಉದ್ದಕ್ಕೂ ಕಿಟಕಿ. ನಿಮ್ಮ ಮನೆಯವರಿಗೂ ಕಿಟಕಿ ಪಕ್ಕದ ಸೀಟು ಇಷ್ಟವಾಗಬಹುದು. ಆದರೆ ಮಾಡಿನ ತಗಡು ನೂರಾರು ರಿವೆಟ್ಟುಗಳ ಮೇಲೆ ನಿಂತಿರುತ್ತದೆ, ಪ್ರತಿ ರಿವೆಟ್ಟೂ ಮುಂದೊಂದು ದಿನ ಸೋರುವ ತೂತು. ಅಲ್ಯೂಮಿನಿಯಂ ಹಾಳೆ ಕಬ್ಬಿಣದ ಚೌಕಟ್ಟಿಗೆ ತಾಗಿದಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಬೇಗ ಕೊರೆದುಹೋಗುತ್ತದೆ. ಇನ್ನು ಹನ್ನೊಂದು ಮೀಟರ್ ಉದ್ದದ ಬಸ್ಸನ್ನು ಮೂರು ಕಿ.ಮೀ. ಮಣ್ಣಿನ ದಾರಿಯಲ್ಲಿ ತಿರುಗಿಸುವುದು ಹೇಗೆ? ತರುವುದೇ ಆದರೆ ಎಂಜಿನ್, ಡೀಸೆಲ್ ಟ್ಯಾಂಕ್, ಹಳೆಯ ಆಯಿಲ್, ಬ್ಯಾಟರಿ ಎಲ್ಲ ತೆಗೆಸಿ, ಆರ್‌ಸಿ (ವಾಹನ ನೋಂದಣಿ) ರದ್ದಾದ ದಾಖಲೆ ಕೈಗೆ ಬಂದ ಮೇಲೆಯೇ ಹಣ ಕೊಡಿ. ಟಯರುಗಳನ್ನು ಅಂಗಳದಲ್ಲಿ ಬಿಡಬೇಡಿ, ಡೆಂಗಿಯ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ.

ಬೋಟಿನ ಕ್ಯಾಬಿನ್ ವಾಸಕ್ಕೆ ಸಾಲದು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹಳೆಯ ಬಣ್ಣದ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣ ಉಜ್ಜುಕಾಗದದಿಂದ ಉಜ್ಜಬಾರದು. ಒಂದು ಮಾತು ಯೋಚಿಸಿ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯ ಬೋಟುಗಳೇ ದಡ ಸೇರಿ ಕುಳಿತಿರುತ್ತವೆ. ಆ ಬೋಟು ತನ್ನ ಆಯುಷ್ಯದಲ್ಲಿ ಎದುರಿಸದೆ ಬಿಟ್ಟ ಮಳೆಯನ್ನು ಗುಜರಿಗೆ ಬಂದ ಮೇಲೆ ಎದುರಿಸು ಎನ್ನುತ್ತಿದ್ದೀರಿ. ಯಂತ್ರದೊಳಗೆ ವಾಸ ಮಾಡುವುದು ಹೊಸ ಹುಚ್ಚೇನಲ್ಲ. ಸ್ವೀಡನ್ನಿನ ಅರ್ಲಾಂಡಾ ವಿಮಾನ ನಿಲ್ದಾಣದ ಬಳಿ ನಿವೃತ್ತ ಜಂಬೋ ಜೆಟ್ ಒಂದು 2009ರಲ್ಲಿ ವಸತಿಗೃಹವಾಯಿತು. ಆದರೆ ನಮ್ಮ ಹವೆಗೆ ಹತ್ತಿರದ ಉದಾಹರಣೆ ಕೇರಳದ ಕೆಟ್ಟುವಳ್ಳಂ. ಅಕ್ಕಿ ಸಾಗಿಸುತ್ತಿದ್ದ ದೋಣಿ ಮನೆಯಾಯಿತು. ಅದರ ಮೇಲಿನದು ಬಿದಿರು, ಚಾಪೆಗಳ ಉಸಿರಾಡುವ ಮಾಡು. ಗೆದ್ದದ್ದು ಅದರಿಂದ.

ಸೋಲಾರ್ ಸಾಕೇ ಎಂದರೆ, ಅಕ್ಟೋಬರಿನಿಂದ ಮೇವರೆಗೆ ಧಾರಾಳ ಸಾಕು. ನಾಲ್ಕು ಎಲ್‌ಇಡಿ ದೀಪ, ಕಡಿಮೆ ಕರೆಂಟು ತಿನ್ನುವ ಎರಡು ಬಿಎಲ್‌ಡಿಸಿ ಫ್ಯಾನ್, ಮೊಬೈಲು, ರೇಡಿಯೋ ಎಲ್ಲ ಸೇರಿ ದಿನಕ್ಕೆ ಒಂದು ಯೂನಿಟ್ಟಿನ ಒಳಗೆ ಮುಗಿಯುತ್ತದೆ. 400 ವಾಟ್ ಪ್ಯಾನೆಲ್ ಮಾರ್ಚಿನಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಕೊಡುತ್ತದೆ. ಜುಲೈಯಲ್ಲಿ, ಘಟ್ಟದ ನೆರಳಲ್ಲಿ, ಮೋಡ ಕವಿದು ಮರ ಮುಚ್ಚಿದಲ್ಲಿ, ಅದರ ಕಾಲು ಭಾಗವೂ ಬಾರದ ದಿನಗಳು ಸಾಲಾಗಿ ಬರುತ್ತವೆ. 12 ವೋಲ್ಟಿನ 150 ಆ್ಯಂಪಿಯರ್ ಅವರ್ ಸೀಸದ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದ್ದರೂ ಅರ್ಧಕ್ಕಿಂತ ಹೆಚ್ಚು ತೆಗೆದರೆ ಅದರ ಆಯುಷ್ಯ ಹೋಗುತ್ತದೆ. ಹಾಗಾಗಿ ಕೈಯಲ್ಲಿರುವುದು ಒಂದು ದಿನದ ಖರ್ಚು. ಪ್ಯಾನೆಲ್ ಹೆಚ್ಚಿಸುತ್ತಾ ಹೋಗುವುದು ಇದಕ್ಕೆ ಪರಿಹಾರವಲ್ಲ. ಬಿಸಿಲಿಲ್ಲದ ಕಾಲದಲ್ಲಿ ನಿಮ್ಮಲ್ಲಿ ಏನು ಹೆಚ್ಚು ಇರುತ್ತದೆ ಎಂದು ನೋಡಿ: ನೀರು, ಅದೂ ಎತ್ತರದಿಂದ ಬೀಳುವ ನೀರು.

ಬೆಳ್ತಂಗಡಿ, ಮೂಡಿಗೆರೆ, ಶೃಂಗೇರಿ ಕಡೆಯ ಎಷ್ಟೋ ಒಂಟಿ ಮನೆಗಳಲ್ಲಿ ತೋಡಿನ ನೀರಿನಿಂದ ಕರೆಂಟು ಮಾಡಿಕೊಂಡಿದ್ದಾರೆ. ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ ಎಂಬುದನ್ನು ಗುಣಿಸಿ, ಹತ್ತರಿಂದ ಗುಣಿಸಿ, ಅರ್ಧ ಮಾಡಿ. ಅಷ್ಟು ವಾಟ್ ಸಿಗುತ್ತದೆ. 15 ಲೀಟರಿನ ಕೊಡ ಮೂರು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಐದು ಲೀಟರ್. ಇಪ್ಪತ್ತು ಮೀಟರ್ ಇಳಿತವಿದ್ದರೆ ಸುಮಾರು 500 ವಾಟ್. ಕಡಿಮೆ ಎನಿಸಬಹುದು, ಆದರೆ ಇದು ಹಗಲೂ ರಾತ್ರಿ ಬರುತ್ತದೆ. 24 ಗಂಟೆಗೆ 12 ಯೂನಿಟ್, ಫ್ರಿಜ್ ಇಟ್ಟರೂ ಮಿಕ್ಕುತ್ತದೆ. ಕೊಡ ತುಂಬಲು ಹದಿನೈದು ಸೆಕೆಂಡು ಬೇಕಾಗುವ ಸಣ್ಣ ತೋಡಾದರೂ ನಿಮ್ಮ ದೀಪ, ಫ್ಯಾನಿಗೆ ಸಾಕು. ಮಳೆ ಹಿಂದೆ ಸರಿದು ತೋಡು ಸೊರಗುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಇವೆರಡು ಒಂದರ ಬೆನ್ನಿಗೆ ಒಂದು ನಿಲ್ಲುವಷ್ಟು ಚೆಂದ ನಾನು ಬೇರೆಲ್ಲೂ ನೋಡಿಲ್ಲ. ಕಷ್ಟವೆಂದರೆ ನೀರು ಹಿಡಿಯುವ ಬಾಯಿಯ ಜಾಲರಿಗೆ ತರಗೆಲೆ ಕಟ್ಟಿಕೊಳ್ಳುವುದು. ಜಡಿಮಳೆಯಲ್ಲಿ ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಗೊರಬೆ (ಎಲೆಯ ಮಳೆಗೊಪ್ಪೆ) ಹೊದ್ದು ಹತ್ತಿ ಹೋಗಿ ಕೀಳಬೇಕು. ಇಂಬಳಗಳಿಗೆ (ಜಿಗಣೆಗಳಿಗೆ) ನಿಮ್ಮ ಪರಿಚಯ ಆಗುವುದು ಆ ದಾರಿಯಲ್ಲೇ. ತೋಡು ಅರಣ್ಯದ ಜಾಗದಲ್ಲಿದ್ದರೆ ಇಲಾಖೆಯ ಅನುಮತಿ ಬೇಕು.

ಸಿಡಿಲಿನ ಮಾತು. ಪೂರ್ತಿ ಕಬ್ಬಿಣದ ಪೆಟ್ಟಿಗೆಯೊಳಗೆ ಬಾಗಿಲು ಹಾಕಿ ಕುಳಿತವರಿಗೆ ಸಿಡಿಲಿನ ಭಯ ಕಡಿಮೆ, ವಿದ್ಯುತ್ತು ಹೊರಮೈಯಲ್ಲಿ ಹರಿದುಹೋಗುತ್ತದೆ. ಆದರೆ ಪ್ಯಾನೆಲ್ಲಿನ ತಂತಿ ಹಿಡಿದು ಅದು ಒಳಗೆ ಬರಬಲ್ಲದು. ನಾಲ್ಕು ಮೂಲೆಯಲ್ಲಿ ಎರಡಕ್ಕಾದರೂ ಅರ್ಥಿಂಗ್ ಕೊಡಿ. ಮುರಕಲ್ಲಿನ ಗುಡ್ಡ ವಿದ್ಯುತ್ತನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ, ಅದಕ್ಕೇ ಗುಂಡಿ ಆಳವಾಗಿರಲಿ, ಇದ್ದಿಲು, ಉಪ್ಪು ಹಾಕಿ, ಬಚ್ಚಲ ನೀರು ಅತ್ತ ಹರಿಯುವಂತೆ ಮಾಡಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿಗೆ ಮೊದಲು ಪ್ಯಾನೆಲ್ಲಿನ ಪ್ಲಗ್ ಕಳಚುವ ಅಭ್ಯಾಸ ಮಾಡಿಕೊಳ್ಳಿ.

ನೀರಿಗೆ ಕೊಳವೆಬಾವಿ ಕೊರೆಸಲು ಹೋಗಬೇಡಿ. ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲದ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 4,000 ಲೀಟರ್. ನಿಮ್ಮಲ್ಲಿ ಜುಲೈಯಲ್ಲಿ ಒಂದೇ ದಿನ ಅಷ್ಟು ಬೀಳುವುದುಂಟು. ಬೇಸಿಗೆಗೆ ಮಾತ್ರ ಬೇರೆ ಮೂಲ ಬೇಕು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ತೋಡಿ, ಪಂಪಿಲ್ಲದೆ ನೀರು ಹರಿಸಿಕೊಳ್ಳುವ ವಿದ್ಯೆ ನಮ್ಮ ಬಂಟ್ವಾಳ, ಪುತ್ತೂರು, ಕಾಸರಗೋಡಿನ ಕಡೆಯದು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದದ್ದು ಈ ವಿದ್ಯೆಯಿಂದಲೇ. ಎಲ್ಲ ಗುಡ್ಡದಲ್ಲೂ ನೀರು ಸಿಗುವುದಿಲ್ಲ. ಬಲ್ಲ ಹಿರಿಯರನ್ನು ಕರೆತಂದು ತೋರಿಸಿ. ಪಾಯಿಖಾನೆಯ ಗುಂಡಿ ನೀರಿನ ಮೂಲಕ್ಕಿಂತ ಕೆಳಗೆ ಮತ್ತು ದೂರ ಇರಲಿ, ಮುರಕಲ್ಲಿನ ತೂತುಗಳಲ್ಲಿ ನೀರು ನೀವೆಣಿಸಿದ್ದಕ್ಕಿಂತ ಬೇಗ ಓಡುತ್ತದೆ.

ದಾಖಲೆಗಳ ಬಗ್ಗೆ ಚುಟುಕಾಗಿ: ಚಕ್ರವಿಲ್ಲದ ಪೆಟ್ಟಿಗೆಗೆ ಅನುಮತಿ ಬೇಡ ಎಂಬುದು ಗಾಳಿಮಾತು. ಪಂಚಾಯತಿನಲ್ಲಿ ವಿಚಾರಿಸಿ, ಕೃಷಿ ಭೂಮಿಯಾದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಜಾಗದಲ್ಲಿ ಕುಮ್ಕಿ (ಪಕ್ಕದ ಸರ್ಕಾರಿ ಜಾಗ) ಎಷ್ಟು, ವರ್ಗ (ಸ್ವಂತ ಪಟ್ಟಾ ಜಾಗ) ಎಷ್ಟು ಎಂದು ಸರ್ವೆ ಮಾಡಿಸಿ. ಕುಮ್ಕಿಯಲ್ಲಿ ಸೊಪ್ಪು ತರಬಹುದು, ಕಂಟೈನರ್ ಇಡುವಂತಿಲ್ಲ. ಪಕ್ಕದಲ್ಲೇ ಸೋಮೇಶ್ವರ ಅಭಯಾರಣ್ಯವಿದೆ, ಗಡಿಕಲ್ಲು ಎಲ್ಲಿದೆ ಎಂದು ನಿಮ್ಮ ಕಣ್ಣಿಂದಲೇ ನೋಡಿ.

ನಿಮ್ಮ ವಯಸ್ಸಿಗೆ ಸಂಬಂಧಿಸಿದ ಮಾತನ್ನು ಬೇಸರಿಸದೆ ಕೇಳಿ. ಹೆಬ್ರಿಯಿಂದ ಮಣಿಪಾಲಕ್ಕೆ ಸುಮಾರು 30 ಕಿ.ಮೀ., ಅದು ದೂರವಲ್ಲ. ದೂರವಿರುವುದು ನಿಮ್ಮ ಮೊದಲ ಮೂರು ಕಿ.ಮೀ. ಮರ ಬಿದ್ದರೆ ನಡೆದೇ ಬರಬೇಕು. ಸಿಗ್ನಲ್ ಸಿಗುವ ಹತ್ತಿರದ ಬಂಡೆ ಯಾವುದೆಂದು ಗುರುತಿಸಿಡಿ. ಹತ್ತಿರದ ಮನೆಯವರೊಂದಿಗೆ ಒಂದು ಒಪ್ಪಂದವಿರಲಿ: ಬೆಳಿಗ್ಗೆ ಇಷ್ಟು ಹೊತ್ತಿಗೆ ನಮ್ಮಿಂದ ಕೂಗು ಬರದಿದ್ದರೆ ಬಂದು ನೋಡಿ ಎಂದು. ಮಳೆಗಾಲದಲ್ಲಿ ಇಲಿಜ್ವರ, ಬೇಸಿಗೆಯಲ್ಲಿ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ, ಎರಡೂ ಸಾಧಾರಣ ಜ್ವರದ ವೇಷದಲ್ಲೇ ಬರುತ್ತವೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ, ಹತ್ತಿರ ಹೋಗಬೇಡಿ. ಹಾವು ಕಚ್ಚಿದರೆ ಮದ್ದು ಹುಡುಕುತ್ತ ಕೂರದೆ ಆಸ್ಪತ್ರೆಯ ದಾರಿ ಹಿಡಿಯಿರಿ.

ಮಳೆಗಾಲಕ್ಕೆ ಅಕ್ಕಿ, ಹಪ್ಪಳ, ಉಪ್ಪುಸೊಳೆ, ಉಪ್ಪಿನಕಾಯಿ ಮೇ ತಿಂಗಳಲ್ಲೇ ಸಾಗಿಸಿಡಿ. ಈ ವಿಷಯದಲ್ಲಿ ಮಾತ್ರ ಕಂಟೈನರಿಗೆ ಸಾಟಿಯಿಲ್ಲ, ಇಲಿಗೆ ಒಂದು ಕಾಳೂ ಸಿಗುವುದಿಲ್ಲ. ಡಬ್ಬಿಗಳನ್ನು ಗೋಡೆಗೆ ತಾಗಿಸದೆ ಇಡಿ, ಅಷ್ಟೇ.

ಈಗ ಕೆಲಸದ ಕ್ರಮ. ಹಣ ಕೊಡುವ ಮೊದಲು ಬರುವ ಆಟಿಯಲ್ಲಿ ಆ ಜಾಗದಲ್ಲಿ ಟಾರ್ಪಾಲ್ ಕಟ್ಟಿ, ಜೊತೆಗೊಬ್ಬರನ್ನು ಇಟ್ಟುಕೊಂಡು, ಹತ್ತು ರಾತ್ರಿ ಕಳೆಯಿರಿ. ಗಾಳಿ ಎತ್ತಲಿಂದ ಬರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಕಾಟಿಗಳು (ಕಾಡುಕೋಣಗಳು) ಎಲ್ಲಿ ದಾಟುತ್ತವೆ ಎಂದು ಆಗ ತಿಳಿಯುತ್ತದೆ. ದೀಪಾವಳಿ ಕಳೆದ ಮೇಲೆ ಮಾಡಿನ ಕಂಬ. ಜನವರಿಯಲ್ಲಿ ದಾರಿ ಗಟ್ಟಿಯಾದಾಗ ಲಾರಿ ಮತ್ತು ಹೈಡ್ರಾ ಕ್ರೇನ್. ಲಾರಿಯ ಮೇಲೆ ಕೂತ ಕಂಟೈನರ್ ನೆಲದಿಂದ ನಾಲ್ಕು ಮೀಟರ್ ಎತ್ತರ ಬರುವುದರಿಂದ ದಾರಿಯ ತಂತಿ, ಮರದ ಕೊಂಬೆಗಳನ್ನು ಮುಂಚೆಯೇ ಅಳೆಯಿರಿ. ಬಚ್ಚಲು ಎಲ್ಲಿರಬೇಕು ಎಂಬುದನ್ನು ನಿಮ್ಮ ಮನೆಯವರಿಗೆ ಬಿಡಿ. ಹಂಡೆಯಲ್ಲಿ ಬಿಸಿನೀರು ಕುದಿಯುತ್ತಿರುವ ಬಚ್ಚಲು, ಎಂಟಡಿಯ ಜಗಲಿ, ತಲೆಯ ಮೇಲೆ ಹಂಚು ಇದೆ ಎಂದರೆ ಅವರು ಬಂದಾರು. ನನ್ನಾಕೆ ಬಂದದ್ದು ಮೂರನೆಯ ವರ್ಷ, ಜಗಲಿ ಆದ ಮೇಲೆ.

ಬೋಟಿನ ಕ್ಯಾಬಿನ್ ಬಿಟ್ಟು ಚುಕ್ಕಾಣಿ ಚಕ್ರವನ್ನು ಮಾತ್ರ ಕೊಳ್ಳಿ. ಜಗಲಿಯ ಕಂಬಕ್ಕೆ, ಗಾಳಿ ಬರುವ ಕಡೆ ಬಿಗಿಸಿ. ಅದರ ಹಿಡಿಗಳಿಗೆ ಒಂದೊಂದು ಬೈರಾಸು (ಮೈ ಒರೆಸುವ ಬಟ್ಟೆ) ನೇತುಹಾಕಿದರೆ ಜುಲೈಯಲ್ಲಿಯೂ ಎರಡು ದಿನದಲ್ಲಿ ಒಣಗುತ್ತದೆ.